ಬೀಗರನ್ನು ಗಾಡಿಯಿಂದ ಇಳಿಸಿದ ಅವ್ವ

ಮೊನ್ನೆ ನಮ್ಮವ್ವ ದಾಂಡೇಲಿ ಬಸ್ ಸ್ಟ್ಯಾಂಡ್ ಹತ್ತಿರ ಬೀಗರೊಬ್ಬರನ್ನು ಗಾಡಿಯಿಂದ ಇಳಿಸಿಬಿಟ್ಟಳು. ಹೌದು, ಬೀಗರನ್ನು!

ಆಗಿದ್ದಿಷ್ಟು. ತಂಗಿಯ ಸಣ್ಣ ಮಗನ ಜಾವಳ ತೆಗೆಸಲು ಹಳಿಯಾಳದಿಂದ ಉಳವಿಗೆ ಹೊರಟಿದ್ದೆವು. ಒಂದು ಕ್ರೂಸರ್, ಎರಡು ಕ್ರೂಸರಿನಷ್ಟು ಜನ. ಇಂಥಲ್ಲಿ ಮಕ್ಕಳಿಗೆಲ್ಲಿ ಸೀಟು? ಯಾರದಾದರೂ ತೊಡೆಯೇ ಗತಿ. ತಂಗಿಯ ಮಗಳು, ಎಂಟು ವರ್ಷದ ಚಿನ್ನು (ಇದು ಅವಳ ಹೆಸರಲ್ಲ), ಅಲ್ಲಿಯವರೆಗೆ ನನ್ನ ತೊಡೆ ಮೇಲಿದ್ದಳು. ದಾಂಡೇಲಿಯಲ್ಲಿ ಚಹಾ ಕುಡಿದು ಮತ್ತೆ ಹತ್ತುವಾಗ ಅವಳ ಕಾಕಾ, ಅಂದರೆ ತಂಗಿಯ ಮೈದುನ, ಹಿಂದಿನ ಸೀಟಿನಿಂದ ಕೈಚಾಚಿ ಕರೆದರು.

"ಒಲ್ಲೆ," ಅಂದಳು ಚಿನ್ನು.

ಎಲ್ಲರೂ ನಕ್ಕರು. (ನಾನೂ.) "ನಿಮ್ಮ ಕಾಕಾ ಅಲ್ಲೇನ? ಹೋಗಿ ಕೂಡ್ರು!" ಅಂತ ತಂಗಿ ಗದರಿದಳು. ಹುಡುಗಿ ಬಾಗಿಲು ಹಿಡಿದು ನಿಂತೇಬಿಟ್ಟಳು.

ಅವ್ವ ಮುಂದಿನ ಸೀಟಿನಿಂದ ಇಳಿದು ಬಂದು, "ಯಾಕವಾ ಒಲ್ಲಿ?" ಅಂದಳು. ಚಿನ್ನು ಅವಳ ಕಿವಿಯಲ್ಲಿ ಏನೋ ಹೇಳಿದಳು. ಅವ್ವ ಧ್ವನಿ ಏರಿಸಲಿಲ್ಲ.

"ನೀವು ಇಳೀರಿ. ನಮ್ಮ ಜೋಡಿ ಬರೂದು ಬ್ಯಾಡ."

"ಏನ್ರಿ ಅತ್ತಿ, ಸಣ್ಣ ಕೂಸಿನ ಮಾತು ಕೇಳಿ..."

"ಕೇಳೇನಿ. ಅದಕ್ಕ ಹೇಳಾಕತ್ತೇನಿ. ಇಳೀರಿ."

ತಂಗಿ, "ಅವ್ವಾ, ಬೀಗರು!" ಅಂತ ಪಿಸುಗುಟ್ಟಿದಳು. ಅವಳ ಗಂಡ ಅವ್ವನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡುತ್ತ ನಿಂತುಬಿಟ್ಟ. ಕಾಕಾ ಇಳಿದರು. ಚಿನ್ನು ಅದೇ ಸೀಟಿನಲ್ಲಿ ಕಾಲು ಇಳಿಬಿಟ್ಟು ಉಳವಿತನಕ ಆರಾಮಾಗಿ ಕೂತಳು. ನನಗೆ ಅವ್ವನಿಗೊಂದು ಶಿಳ್ಳೆ ಹೊಡೆಯಬೇಕು ಅನ್ನಿಸಿತು!

ಉಳಿದದ್ದನ್ನು ಚಿನ್ನು ಉಳವಿಯಲ್ಲಿ ತಾಯಿಗೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ತಂಗಿ ಅತ್ತಳು. ಅವಳ ಗಂಡ ಎದ್ದು ಹೋಗಿ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದ. ಸ್ವಂತ ತಮ್ಮನ ಮೇಲೆ! ಈಗ ಪೊಲೀಸ್ ಕಂಪ್ಲೇಂಟ್ ಆಗಿದೆ.

ಗುರುತಿಲ್ಲದವರು ಕೊಟ್ಟ ಚಾಕಲೇಟ್ ತಿನ್ನಬೇಡ ಅಂತ ಮಕ್ಕಳಿಗೆ ಕಲಿಸುತ್ತೇವೆ. ಗುರುತಿದ್ದವರ ತೊಡೆ ಒಲ್ಲೆ ಅಂದರೆ ಮಾತ್ರ ಹಟಮಾರಿ ಅನ್ನುತ್ತೇವೆ. ಕಾರಣ ಹೇಳಲು ಮಗುವಿಗೆ ಮಾತು ಸಿಗದೇ ಇರಬಹುದು. ಒಲ್ಲೆ ಅಂದರೆ ಸಾಲದೇನು?

ನಿನ್ನೆ ಬೀಗರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. "ನಡುರಸ್ತೆದಾಗ ನಮ್ಮ ಮರ್ಯಾದಿ ಕಳದ್ರಿ," ಅಂತ ಬಹಳ ಹೊತ್ತು ಕೂಗಾಡಿದರು. ಅವ್ವ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದಳು:

"ಹುಡುಗಿ ಹೆಂಗ ಅದಾಳ ಅಂತ ನೀವು ಇನ್ನೂ ಕೇಳಲೇ ಇಲ್ಲಲ್ರಿ?"