ಎತ್ತು ತಿಂದ ನನ್ನ ಹೆಸರು

ಹೊಸ ಜಾತಿಯ ಗಿಡ ತಂದರೆ ಅದಕ್ಕೆ ನನ್ನ ಹೆಸರನ್ನೇ ಇಡುವುದಾಗಿ ಧಾರವಾಡದ ಸಸ್ಯಶಾಸ್ತ್ರದ ಮಾಸ್ತರರು ಮಾತು ಕೊಟ್ಟಿದ್ದರು. ನಾನೇನು ಸಾಮಾನ್ಯನೇ? ರಾಯಾಪುರದ ಹಳ್ಳದ ದಂಡೆಯಲ್ಲಿ ಯಾರೂ ಕಾಣದಂಥದೊಂದನ್ನು ಕಿತ್ತೇಬಿಟ್ಟೆ. ಕಾಗದದ ನಡುವೆ ಒತ್ತಿ ತಾ ಎಂದಿದ್ದರು. ಸೊಪ್ಪು ಬಾಡದಂತೆ ಇಡುವುದನ್ನು ಒಕ್ಕಲಿಗನ ಮಗನಿಗೆ ಕಲಿಸುವುದೇ? ಚಕ್ಕಡಿಯ ಹಸಿಮೇವಿನಲ್ಲಿ ಮುಚ್ಚಿ ತಂದೆ. ಎತ್ತು ಬಿಚ್ಚಿ, ಮಾಸ್ತರರನ್ನು ಕರೆತರುವಷ್ಟರಲ್ಲಿ ಮೇವೂ ಇಲ್ಲ, ಗಿಡವೂ ಇಲ್ಲ.

"ಎಲ್ಲಿ ಅದೋ ತಮ್ಮಾ ಗಿಡ?"

"ಎತ್ತಿನ ಹೊಟ್ಟ್ಯಾಗ ಐತ್ರಿ. ಮದ್ಲ ಹೆಸರ ಬರಕೋರಿ."

"ಒಣಗಿಸಿದ ಗಿಡ ಸಾಕ್ಷಿಗೆ ಕಪಾಟಿನ್ಯಾಗ ಇರದಿದ್ರ ಹೆಸರ ಇಡಾಕ ಬರೂದಿಲ್ಲ. ಎತ್ತನ್ನ ಒಣಗಿಸೋಣೇನು?"

ಮತ್ತೆ ಹೋಗಿ ಹಳ್ಳವನ್ನೆಲ್ಲ ಜಾಲಾಡಿದೆ, ಅಂಥ ಇನ್ನೊಂದು ಸಿಗಲಿಲ್ಲ. ಶಾಸ್ತ್ರದ ಪ್ರಕಾರ ಆ ಗಿಡ ಹುಟ್ಟಿಯೇ ಇಲ್ಲವಂತೆ. ಹುಟ್ಟದೇ ಇದ್ದದ್ದನ್ನು ತಿಂದು ನಮ್ಮ ಎತ್ತು ಮಾತ್ರ ಸಂಜೆತನಕ ಮೆಲುಕು ಹಾಕಿತು.