ಇಂಡಿಯ ಮನೆಯಲ್ಲಿ ಎಂಟು ದಿನ

ಸಿಂದಗಿಯಲ್ಲಿ ನಾವಿರುವ ಮನೆ ಅತ್ತೆಯ ಹೆಸರಿನಲ್ಲಿದೆ. ಅದನ್ನು ಬ್ಯಾಂಕಿಗೆ ಅಡವಿಟ್ಟು, ಇಂಡಿ ಪಟ್ಟಣದಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಡೋಣ ಎಂದು ಗಂಡ ಹೇಳಿದಾಗ, ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ಇದ್ದ ಮನಿ ಅಡಾ ಇಟ್ಟು ಇನ್ನೊಂದ ಮನಿ ಯಾಕ ಬೇಕು? ನೀ ಏನಂತಿ?”

“ಬಾಡಿಗ್ಯಾಗ ಕಂತು ಹೋಗತೈತ್ರಿ, ಅತ್ತಿ. ಮುಂದ ನಮ್ಮದ ಆಗತೈತಿ,” ಎಂದೆ.

ಮರುದಿನವೇ ಅವರು ಬ್ಯಾಂಕಿಗೆ ಬಂದು ಸಹಿ ಹಾಕಿದರು.

ನನ್ನ ಮನಸ್ಸಿನಲ್ಲಿದ್ದುದು ಬೇರೆ. ಅಪ್ಪನ ವರ್ಗಾವಣೆಯ ನೌಕರಿಯಲ್ಲಿ ಮುದ್ದೇಬಿಹಾಳ, ತಾಂಬಾ, ಬಸವನ ಬಾಗೇವಾಡಿ ಎಂದು ಬಾಡಿಗೆ ಮನೆಗಳಲ್ಲೇ ಬೆಳೆದವಳು ನಾನು. ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು. ಮದುವೆಯಾದ ಮೇಲೆ ಅಡುಗೆಮನೆ ಅತ್ತೆಯದು. ಇಂಡಿಯ ಆ ಮನೆಯ ಅಡುಗೆಕೋಣೆಗೆ ಮೂಡಣದ ಕಿಟಕಿಯಿತ್ತು, ಹಿತ್ತಲಲ್ಲಿ ನಿಂಬೆಗಿಡವಿತ್ತು. ಕೊಳ್ಳುವ ಮುಂಚೆ ಒಮ್ಮೆ ನೋಡಿದ್ದು, ಕಣ್ಣಿಂದ ಹೋಗಲೇ ಇಲ್ಲ.

ಐದು ವರ್ಷ ಅಲ್ಲಿ ಒಬ್ಬರು ನರ್ಸ್ ಬಾಡಿಗೆಗಿದ್ದರು. ಹೋದಾಗಲೆಲ್ಲ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡುತ್ತಿದ್ದರು. ಒಳಗೆ ಇಣುಕಲು ನನಗೆ ಸಂಕೋಚ.

ಕಳೆದ ಬೇಸಿಗೆ ಅವರಿಗೆ ವರ್ಗವಾಗಿ ಮನೆ ಖಾಲಿಯಾಯಿತು. ನಾನು ಶಾಲಾ ಶಿಕ್ಷಕಿ, ರಜೆಯಿತ್ತು. “ಬಣ್ಣಾ ಹಚ್ಚಿಸಿಕೊಂಡ ಬರ್ತೇನ್ರಿ,” ಎಂದು ಗಂಡನಿಗೆ ಹೇಳಿ, ಹಾಸಿಗೆ, ಒಂದು ಸ್ಟೋವ್ ಹೊತ್ತು ಹೋದೆ.

ಬಣ್ಣ ಎರಡೇ ದಿನಕ್ಕೆ ಮುಗಿಯಿತು. ಮನೆಗೆ ತಿಳಿಸಲಿಲ್ಲ. ಬೆಳಿಗ್ಗೆ ಆ ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ನಿಂತು ಚಹಾ ಕುದಿಸುತ್ತಿದ್ದೆ. ಯಾರಿಗೂ ಬೇಡವಾದ ಹಾಗಲಕಾಯಿ ಪಲ್ಯವನ್ನು ನನಗಾಗಿಯೇ ಮಾಡಿಕೊಂಡೆ. ಹೊಸ ಬಣ್ಣದ ಗೋಡೆಗೊಂದು ಮೊಳೆ ಹೊಡೆದೆ. ತೂಗುಹಾಕಲು ಏನೂ ಇರಲಿಲ್ಲ.

ಎಂಟನೆಯ ದಿನ ಗಂಡ, ಹೊಸದಾಗಿ ಮದುವೆಯಾದ ಜೋಡಿಯನ್ನು ಮನೆ ತೋರಿಸಲು ಕರೆತಂದರು. ಒಣಗಿದ ಗೋಡೆಯ ಮೇಲೆ ಕೈಯಾಡಿಸಿ, “ಬಣ್ಣಾ ಯಾವಾಗ ಮುಗೀತು?” ಎಂದರು.

“ಆರು ದಿನಾ ಆತ್ರಿ.”

ಗಂಡ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದರು: “ಇಲ್ಲೇ ಇರೂಣೇನು?”

“ಕಂತು ಯಾರ ಕಟ್ಟತಾರ್ರಿ? ಅತ್ತಿ ಮನಿ ಅಡಾ ಐತಿ.”

ಅವರು ನಿಂಬೆಗಿಡ ನೋಡುತ್ತ ನಿಂತರು. ನಾನು ಒಳಗೆ ಹೋಗಿ ಆ ಹುಡುಗಿಯ ಕೈಗೆ ಕೀಲಿಕೈ ಕೊಟ್ಟೆ.

ವಾರದ ನಂತರ ಅವಳ ಫೋನ್ ಬಂತು. “ಅಕ್ಕಾರ, ಹಿತ್ತಲ ಬಾಗಲದ ಚಿಲಕಾ ಬೀಳವಲ್ದರಿ.”

“ಬಾಗಲಾ ಜರಾ ಮ್ಯಾಲೆತ್ತಿ ಹಾಕವ್ವಾ,” ಎಂದೆ.

ಫೋನಿನಲ್ಲಿ ಚಿಲಕ ಬಿದ್ದ ಸದ್ದು ಕೇಳಿಸಿತು.