ಮೊಮ್ಮಗಳ ಸೋಯಾ ಗಂಜಿ

ಶ್ರಾವಣ ಸೋಮವಾರದ ಮರುದಿನ ಶಿಕಾರಿಪುರದ ನಮ್ಮ ಹಿತ್ತಲಲ್ಲಿ ಕೂತು, ಪೂಜೆಯ ಹಿತ್ತಾಳೆ ಸಾಮಾನಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಸೊರಬದಿಂದ ಅಳಿಯ ಬಂದ. ಹೇಳದೆ ಕೇಳದೆ ಬರುವ ಅಳಿಯನಲ್ಲ. ಕೈಯಲ್ಲಿ ಮಡಚಿದ ಪೇಪರು.

“ಅತ್ತೆ, ಕೂಸಿಗೆ ಗಂಜಿ ಕೊಡೋದು ನಿಲ್ಸಿದೀವಿ,” ಅಂದ.

ನನ್ನ ಕೈ ನಿಂತಿತು.

ತೊಂಬತ್ತರ ದಶಕದ ಕೊನೆಯ ಮಾತಿದು. ಮಗಳ ಮಗುವಿಗೆ ಆಗಿನ್ನೂ ಒಂದೂವರೆ ವರ್ಷ. ತಾಯಿಹಾಲು ಬಿಟ್ಟ ಮೇಲೆ ಹಸುವಿನ ಹಾಲು ಕೊಟ್ಟರೂ ಭೇದಿ, ಎಮ್ಮೆ ಹಾಲು ಕೊಟ್ಟರೂ ಭೇದಿ. ಕೈಕಾಲು ಕಡ್ಡಿಯಾಗಿದ್ದವು. ಸೊರಬದ ಡಾಕ್ಟರು ಸೋಯಾ ಅವರೆಯ ಗಂಜಿ ಕೊಟ್ಟು ನೋಡಿ ಎಂದಿದ್ದರು. ನಮ್ಮ ಪಕ್ಕದ ಮನೆಯವರು ಅಂಜನಾಪುರ ಜಲಾಶಯದ ನೀರು ಹರಿಯುವ ಹೊಲದ ಒಂದು ಮೂಲೆಯಲ್ಲಿ ಅದನ್ನು ಬೆಳೆಯುತ್ತಿದ್ದರು. ಬೀಜ ಅವರ ಮನೆಯದ್ದೇ, ವರ್ಷವರ್ಷ ತೆಗೆದಿಟ್ಟದ್ದು. ಆ ಕಾಳನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹುರಿದು, ಅಕ್ಕಿ ಸೇರಿಸಿ ಗಿರಣಿಗೆ ಹಾಕಿಸಿ ನಾನು ಡಬ್ಬದಲ್ಲಿ ಕಳಿಸುತ್ತಿದ್ದೆ. ಶಿವನ ದಯೆ, ಮಗುವಿಗೆ ಅದು ಒಗ್ಗಿತು. ಗೋಡೆ ಹಿಡಿದು ನಡೆಯತೊಡಗಿತು. ಅದನ್ನೂ ನಿಲ್ಲಿಸಿದರೆ ಇನ್ನೇನು ಕೊಡುವುದು?

ಆಗಿದ್ದು ಇಷ್ಟು. ಸೋಮವಾರ ಪೂಜೆ ಮುಗಿಸಿ ಉಂಡ ಮೇಲೆ ಅಳಿಯನ ಮನೆಮಂದಿಗೆಲ್ಲ ಹೊಟ್ಟೆ ಮುರಿತ, ವಾಂತಿ. ಅದೇ ದಿನದ ಪೇಪರಿನಲ್ಲಿ ಒಂದು ಸುದ್ದಿ: ಹೊರದೇಶದಲ್ಲಿ ಸೋಯಾ ಬೀಜದೊಳಗೆ ಬೇರೆ ಜೀವಿಯ ಗುಣ ಸೇರಿಸಿದ್ದಾರೆ, ಕಳೆನಾಶಕ ಹೊಡೆದರೂ ಆ ಗಿಡ ಸಾಯುವುದಿಲ್ಲ, ಅದನ್ನು ತಿನ್ನಬಹುದೋ ಬಾರದೋ ಎಂದು ಅಲ್ಲಿ ವಾದ ನಡೆದಿದೆ. ಅಳಿಯನ ಅಪ್ಪ, ನಮ್ಮ ಬೀಗರು, ಎರಡನ್ನೂ ಗಂಟುಹಾಕಿ, ಮನೆಯಲ್ಲಿರುವ ಸೋಯಾದ್ದೇ ಕೆಲಸ ಎಂದು ತೀರ್ಮಾನಿಸಿದ್ದರು.

“ಕೂಸಿಗೂ ವಾಂತಿ ಆತೇನು?”

“ಇಲ್ಲ ಅತ್ತೆ. ಅದು ಗಂಜಿ ಕುಡಿದು ಮಲಗಿತ್ತು. ನಮಗೇ ಆಗಿದ್ದು.”

“ನೀವೇನು ತಿಂದ್ರಿ?”

“ಎಲೆಗೆ ಬಡಿಸಿದ್ದು ತಿಂದೆ. ಯಾರು ನೋಡ್ತಾರೆ?”

“ಪೇಪರು ಓದೋವಾಗ ಕಣ್ಣು ತೆರೀತಿಯಪ್ಪ, ಎಲೆ ಮುಂದೆ ಮುಚ್ಚಿಬಿಡ್ತಿ!” ಎಂದು ಸೀರೆ ಬದಲಿಸಿ ಅವನ ಜೊತೆಗೇ ಬಸ್ಸು ಹತ್ತಿದೆ.

ಸೊರಬದಲ್ಲಿ ಮಗಳು ಮಗುವಿಗೆ ಸಕ್ಕರೆ ನೀರು ಕುಡಿಸುತ್ತ ಕೂತಿದ್ದಳು. ನನ್ನ ಕಂಡು ಅವಳ ಕಣ್ಣು ತುಂಬಿತು. ನಾನು ಸೀದಾ ಒಳಗೆ ಹೋಗಿ, ಸೋಮವಾರ ಎಲೆಗೆ ಏನೇನು ಬಡಿಸಿದ್ರಿ ಎಂದು ಬೀಗಿತ್ತಿಯನ್ನು ಕೇಳಿದೆ. ಹಿಟ್ಟಿನ ಜೊತೆ ಒಂದಿಷ್ಟು ಹಸಿ ಕಾಳನ್ನೂ ಕಳಿಸಿದ್ದೆ, ಪಲ್ಯಕ್ಕಾದೀತು ಅಂತ. ಪೂಜೆಯ ಹಿಂದಿನ ದಿನ ನೋಡಿದರೆ ಹೆಸರುಬೇಳೆ ಮುಗಿದಿತ್ತು. ಅವರು ಆ ಕಾಳನ್ನೇ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ತೆಗೆದು, ಕಾಯಿತುರಿ, ನಿಂಬೆಹುಳಿ ಬೆರೆಸಿ ಕೋಸಂಬರಿ ಮಾಡಿದ್ದರು.

“ಬೇಯ್ಸಲಿಲ್ವೇನ್ರೀ?”

“ಅಯ್ಯ, ಕೋಸಂಬರಿ ಯಾರಾದ್ರೂ ಬೇಯಿಸ್ತಾರೇನ್ರೀ?”

ಅವರು ಹೇಳಿದ್ದೂ ಸರಿಯೇ. ನನಗೆ ನಗು ತಡೆಯಲಾಗಲಿಲ್ಲ. ಬೀಗಿತ್ತಿಯೂ ನಕ್ಕರು. ಜಗಲಿಯಲ್ಲಿದ್ದ ಬೀಗರು ನಗಲಿಲ್ಲ.

“ಕೋಸಂಬರಿ ಮಾತು ಬಿಡ್ರಿ. ಬೀಜದ ಒಳಗೇ ಕೈ ಹಾಕ್ಯಾರಂತಲ್ಲ, ಅದಕ್ಕೇನಂತೀರಿ?”

ಕೇಳಬೇಕಾದ ಮಾತೇ ಅದು. “ನನಗೆ ನನ್ನ ಕಾಳು ಗೊತ್ತು ಬೀಗರೇ, ಆ ಬೀಜ ಗೊತ್ತಿಲ್ಲ. ನಡೀರಿ, ಡಾಕ್ಟರನ್ನೇ ಕೇಳೋಣ,” ಅಂದೆ.

ಡಾಕ್ಟರು ಪೇಪರು ಪೂರ್ತಿ ಓದಿದರು. “ಈ ಬೀಜ ನಮ್ಮ ಹೊಲಕ್ಕೆ ಬಂದಿಲ್ಲ. ಪರೀಕ್ಷೆ ಮಾಡಿದವರು ಹಳೇ ಸೋಯಾಕ್ಕಿಂತ ಹೆಚ್ಚಿನ ಅಪಾಯ ಇದರಲ್ಲಿ ಕಂಡಿಲ್ಲ ಅಂತಾರೆ. ಇನ್ನೂ ನೋಡಬೇಕು ಅನ್ನೋರೂ ಇದ್ದಾರೆ. ಆದರೆ ಯಾವ ಸೋಯಾ ಆದ್ರೂ ಹಸಿಯಾಗಿ ತಿಂದ್ರೆ ಹೊಟ್ಟೆ ಕೆಡುತ್ತೆ. ಕೆಲವರ ಮೈಗೆ ಬೇಯಿಸಿದ್ದೂ ಆಗಲ್ಲ. ದದ್ದು ಎದ್ರೆ, ಉಬ್ಬಸ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ. ಈ ಕೂಸಿಗೆ ಅಂಥದ್ದೇನೂ ಕಾಣ್ತಿಲ್ಲ. ಗಂಜಿ ಕೊಡಿ.”

ದಾರಿಯಲ್ಲಿ ಬೀಗರು, “ಆ ಬೀಜ ಈ ಕಡೆ ಬಂದ್ರೆ ಮತ್ತೆ ಕೇಳೋನೇ ನಾನು,” ಅಂದರು.

“ಕೇಳ್ರಿ. ನಾನೂ ಬರ್ತೀನಿ ಜೊತೆಗೆ.”

ಮನೆಗೆ ಬಂದು ಕೈಯಾರೆ ಗಂಜಿ ಕಾಯಿಸಿದೆ. ಆರುವ ತನಕವೂ ಮಗುವಿಗೆ ತಾಳ್ಮೆಯಿಲ್ಲ, ಚಮಚ ಕಿತ್ತುಕೊಂಡಿತು. ಬಟ್ಟಲ ತಳ ಕಂಡ ಮೇಲೆ ಮುಖವೆಲ್ಲ ಗಂಜಿ ಮಾಡಿಕೊಂಡು ಅಜ್ಜನ ಪಂಚೆಗೆ ಒರೆಸಿತು. ಆಗ ಬೀಗರೂ ನಕ್ಕರು. ಹಸಿ ಕಾಳು ತಿಂದವರು ದೊಡ್ಡವರು, ಕೂಸಲ್ಲ. ಅದೇ ನನಗೆ ಶಿವ ಮಾಡಿದ ಉಪಕಾರ.

ಹೊರಡುವಾಗ ಬೀಗಿತ್ತಿ ಖಾಲಿ ಡಬ್ಬ ತೊಳೆದು ಕೈಗಿತ್ತು, “ಇನ್ಮೇಲೆ ಕಾಳು ಕಳಿಸಬೇಡ್ರೀ, ಹಿಟ್ಟೇ ಕಳಿಸಿ,” ಅಂದರು.

ಮನೆ ಸೇರಿದಾಗ ಹಿತ್ತಾಳೆ ಸಾಮಾನಿನ ಮೇಲೆ ಹುಣಸೆಹುಳಿ ಒಣಗಿ ಕೂತಿತ್ತು. ಅದನ್ನು ಹಾಗೇ ಬದಿಗೆ ಸರಿಸಿ, ಪಕ್ಕದ ಮನೆಯಿಂದ ಕಾಳು ತಂದು, ಕಲ್ಲು ಆರಿಸಿ, ನೀರಿಗೆ ಹಾಕಿದೆ.